ನೂರ ನಲವತ್ತೆರಡರ ಮೇಲಿನ ಹದಿನೆಂಟು

ಹೆಂಡತಿಯ ರಕ್ತದೊತ್ತಡವನ್ನು ಹದಿನೈದು ದಿನದಲ್ಲಿ ಹಿಡಿದು ಕಟ್ಟಿಹಾಕುತ್ತೇನೆ ಎಂದು ನಾನು ಘೋಷಿಸಿದ್ದು ಒಂದು ಗುರುವಾರ, ಮುದ್ದೆ ಮುಗಿದು ಅನ್ನ ಬರುವ ನಡುವಿನ ಬಿಡುವಿನಲ್ಲಿ. ಘೋಷಿಸುವ ಅಧಿಕಾರ ನನಗಿತ್ತು. ಚಿತ್ರದುರ್ಗದ ಪತ್ರಿಕೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ವರದಿಗಾರನಾಗಿದ್ದೇನೆ. ಹಿಂದಿನ ತಿಂಗಳಷ್ಟೇ ಮುಟ್ಟು ನಿಂತ ಮೇಲಿನ ಬಿಪಿ ಬಗ್ಗೆ ಅರ್ಧ ಪುಟ ಬರೆದಿದ್ದೆ. ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರಿತ್ತು.

ಆ ಲೇಖನಕ್ಕಾಗಿ ಡಾಕ್ಟರ್ ದೇವಿಕಾ ಅವರನ್ನು ಎರಡು ಗಂಟೆ ಕೂರಿಸಿ ಪ್ರಶ್ನೆ ಕೇಳಿದ್ದೆ. ಅವರು ತಾಳ್ಮೆಯಿಂದ ವಿವರಿಸಿದ್ದರು. ಈಸ್ಟ್ರೋಜನ್ ಎಂಬ ಹಾರ್ಮೋನು ಸಾಕಷ್ಟಿರುವ ತನಕ ಹೆಣ್ಣಿನ ರಕ್ತನಾಳಗಳು ಹಿಗ್ಗಿ ಕುಗ್ಗುವ ಹದದಲ್ಲಿರುತ್ತವೆ. ಐವತ್ತರ ಆಸುಪಾಸಿನಲ್ಲಿ ಅದು ಇಳಿಯುತ್ತದೆ. ನಾಳಗಳು ಬಿಗಿಯುತ್ತವೆ, ತಿಂದ ಉಪ್ಪು ಮೊದಲಿಗಿಂತ ಹೆಚ್ಚು ಕಾಟ ಕೊಡುತ್ತದೆ, ಸೊಂಟ ದಪ್ಪವಾಗುತ್ತದೆ, ನಿದ್ದೆ ಕೆಡುತ್ತದೆ. ಅಲ್ಲಿಯವರೆಗೆ ಗಂಡಸರ ಬಿಪಿಯ ಹಿಂದೆ ಸಾವಕಾಶವಾಗಿ ಬರುತ್ತಿದ್ದ ಹೆಂಗಸರ ಬಿಪಿ, ಆಮೇಲೆ ಇಂಡಿಕೇಟರ್ ಹಾಕಿಕೊಂಡು ಮುಂದೆ ಹೋಗುತ್ತದೆ. ಕೊನೆಯ ವಾಕ್ಯ ನನ್ನದು. ಅದಕ್ಕೆ ಮೂವರು ಓದುಗರು ಫೋನ್ ಮಾಡಿ ಮೆಚ್ಚಿದ್ದರು.

ಇಡೀ ಜಿಲ್ಲೆಗೆ ಇದನ್ನು ತಿಳಿಸಿದ ಮೇಲೆ ಅದು ನಮ್ಮ ಮನೆಯಲ್ಲೇ ಇದೆ ಎಂದು ಗೊತ್ತಾಯಿತು.

ನನ್ನ ಹೆಂಡತಿ ಯಶೋದಾಗೆ ಐವತ್ತೆರಡು. ಭರಮಸಾಗರದ ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಮುಟ್ಟು ನಿಂತು ಎರಡು ವರ್ಷ. ಆ ಎರಡು ವರ್ಷದಿಂದಲೂ ನಮ್ಮ ಮನೆಯ ಫ್ಯಾನಿನ ರೆಗ್ಯುಲೇಟರ್ ಗಡಿ ವಿವಾದದಲ್ಲಿದೆ. ಬೆಳಗಿನ ಚಳಿಯಲ್ಲಿ ಅವಳು ಬೆವರು ಒರೆಸುತ್ತ ಬಂದು ಐದಕ್ಕೆ ತಿರುಗಿಸುತ್ತಾಳೆ. ಹಿಂದೆಯೇ ನನ್ನ ಅವ್ವ ಕಾಳಕ್ಕ ಕರಿ ಕಂಬಳಿ ಹೊದ್ದು ಬಂದು ಒಂದಕ್ಕೆ ಇಳಿಸುತ್ತಾಳೆ. ಇದನ್ನು ನಾನು ಅತ್ತೆ ಸೊಸೆ ಜಗಳ ಎಂದೇ ತಿಳಿದಿದ್ದೆ. ಅದು ಈಸ್ಟ್ರೋಜನ್ ಎಂದು ಹೊಳೆದದ್ದು ಲೇಖನ ಅಚ್ಚಾದ ಮೇಲೆ. ಅವ್ವನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ತನ್ನ ಕಾಲದಲ್ಲಿ ಮೈ ಕಾದ ಹೆಂಚಾದಾಗ ತಾನು ಹೋಗಿ ಕುರಿ ಹಟ್ಟಿಯ ಹೊರಗೆ ಗಾಳಿಗೆ ಕೂರುತ್ತಿದ್ದೆನೆಂದೂ, ಅದಕ್ಕೆ ಯಾರೂ ಪೇಪರಿನಲ್ಲಿ ಬರೆಯಲಿಲ್ಲವೆಂದೂ ಹೇಳಿದಳು.

ಯಶೋದಾಳನ್ನು ದೇವಿಕಾ ಅವರಲ್ಲಿಗೆ ಕರೆದುಕೊಂಡು ಹೋದೆ. ನೂರ ಐವತ್ತು ಬಂತು. ಒಂದು ದಿನದ ಅಂಕಿ ನಂಬಲಾಗದು, ಎರಡು ವಾರ ಮನೆಯಲ್ಲಿ ಬೆಳಿಗ್ಗೆ ಸಂಜೆ ನೋಡಿ ಬರೆದು ತನ್ನಿ ಎಂದರು. ಮಿಷನ್ ತಂದೆವು. ಡಾಕ್ಟರು ಜೊತೆಗೆ ಒಂದು ಹಾಳೆ ಸೂಚನೆಯನ್ನೂ ಕೊಟ್ಟಿದ್ದರು. ಎರಡು ಗಂಟೆ ಸಂದರ್ಶನ ಮಾಡಿದವನಿಗೆ ಒಂದು ಹಾಳೆ ಯಾತಕ್ಕೆ? ಅದನ್ನು ನಾಲ್ಕಾಗಿ ಮಡಚಿ ಮಿಷನ್ನಿನ ಡಬ್ಬಿಯ ತಳಕ್ಕೆ ಹಾಕಿದೆ.

ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ದಿನಾಂಕ, ವೇಳೆ, ಮೇಲಿನ ಅಂಕಿ, ಕೆಳಗಿನ ಅಂಕಿ. ಕೊನೆಗೆ ಅಗಲವಾದ ಒಂದು ಕಾಲಂ: ‘ವಿಶೇಷ’. ಘಟನೆ ನಡೆಯುತ್ತಿರುವಾಗಲೇ ಕೇಳಬೇಕು, ತಣ್ಣಗಾದ ಮೇಲೆ ಜನ ಸುಳ್ಳು ಹೇಳುತ್ತಾರೆ ಎನ್ನುವುದು ನನ್ನ ವೃತ್ತಿಯ ಮೊದಲ ಪಾಠ. ಹಾಗಾಗಿ ಪಟ್ಟಿ ತೋಳಿಗೆ ಸುತ್ತಿ, ಗಾಳಿ ತುಂಬಲು ಶುರುವಾದ ಕೂಡಲೇ ಪ್ರಶ್ನೆ ಆರಂಭಿಸುತ್ತಿದ್ದೆ. ಈಗ ಎದೆ ಹೇಗಿದೆ? ಈ ಸಿಟ್ಟು ಯಾವಾಗಿನಿಂದ? ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ?

ಮೊದಲ ದಿನ ನೂರ ಐವತ್ತಾರು. ಮೂರನೆಯ ದಿನ ವಿಷಯದ ಆಳಕ್ಕಿಳಿದೆ. ನಮ್ಮ ಮದುವೆಯಾದ ಮೊದಲ ಹತ್ತು ವರ್ಷದಲ್ಲಿ ನಿನಗೆ ಅತಿ ಹೆಚ್ಚು ಒತ್ತಡ ತಂದ ಘಟನೆ ಯಾವುದು ಎಂದು ಕೇಳಿದೆ.

ಅವಳು ಯೋಚಿಸಲೇ ಇಲ್ಲ. “ನಿಮ್ ತಂಗಿ ಮದುವೆ” ಎಂದಳು.

ಪಡಸಾಲೆಯಿಂದ ಅವ್ವನ ದನಿ ಬಂತು. “ಏನಾಗಿತ್ತಮ್ಮ ನನ್ ಮಗಳ ಮದುವೆಗೆ?”

ಮಿಷನ್ನು ನೂರ ಎಪ್ಪತ್ತೆರಡು ತೋರಿಸಿತು. ನಾನು ‘ವಿಶೇಷ’ದಲ್ಲಿ ಬರೆದುಕೊಂಡೆ: ತಂಗಿಯ ಮದುವೆ. ಪಲ್ಯ ಸಾಲದೆ ಹೋದದ್ದು. ಅತ್ತೆಯ ಮಧ್ಯಪ್ರವೇಶ.

ಮರುದಿನ ಉಪ್ಪಿನ ಮೇಲೆ ಯುದ್ಧ ಸಾರಿದೆ. ಹಪ್ಪಳ ಗಡೀಪಾರಾಯಿತು. ಅವ್ವನ ಉಪ್ಪಿನಕಾಯಿ ಭರಣಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವ್ವ ಬೀರುವಿನ ಬೀಗವನ್ನು ಒಮ್ಮೆ ಎಳೆದು ನೋಡಿದಳು.

“ಲೇ ಕನಕ, ಬಿಪಿ ಬಂದಿರಾದು ನಿನ್ ಹೆಂಡ್ತಿಗೆ. ನನ್ ಉಪ್ಪಿನ್‌ಕಾಯಿ ಯಾಕಲೇ ಜೈಲಾಗೈತೆ?”

ಇಷ್ಟೆಲ್ಲ ಮಾಡಿದರೂ ಅಂಕಿ ಏರುತ್ತಲೇ ಹೋಯಿತು. ಒಂಬತ್ತನೆಯ ದಿನ ಬೆಳಿಗ್ಗೆ ನೂರ ಎಪ್ಪತ್ತೆಂಟು. ಸುಳ್ಳೇಕೆ, ಆ ಹೊತ್ತಿಗೆ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಬರುವ ಶನಿವಾರ ಅವಳು ಶಾಲೆಯ ನಲವತ್ತೆರಡು ಮಕ್ಕಳನ್ನು ಮಾರಿಕಣಿವೆಗೆ ಕರೆದುಕೊಂಡು ಹೋಗುವವಳಿದ್ದಳು. ಅಲ್ಲಿನ ಅಣೆಕಟ್ಟೆ ತುಂಬಿ ಕೋಡಿ ಬಿದ್ದಿತ್ತು. ನೀರು ನಿಲ್ಲುವುದರೊಳಗೆ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಈ ಬಿಪಿಯಲ್ಲಿ ಬಸ್ಸು, ಬಿಸಿಲು, ಮೆಟ್ಟಿಲು! ಬೇಡ ಎಂದೆ. ಹೋಗುತ್ತೇನೆ ಎಂದಳು. ಅವಳು ಸ್ನಾನಕ್ಕೆ ಹೋದಾಗ ಶಾಲಾ ಸಮಿತಿಯ ಅಧ್ಯಕ್ಷ ಜುಂಜಪ್ಪನವರಿಗೆ ಫೋನ್ ಮಾಡಿ, ಪ್ರವಾಸ ರದ್ದು ಮಾಡಿ ಎಂದೆ. ಕಾರಣವನ್ನೂ ಹೇಳಿ, ಯಾರಿಗೂ ತಿಳಿಯಬಾರದು ಎಂದು ಸೇರಿಸಿದೆ.

ಇಪ್ಪತ್ತೆಂಟು ವರ್ಷ ಸುದ್ದಿ ಹಂಚುವ ಕೆಲಸದಲ್ಲಿರುವ ನನಗೆ ಅಷ್ಟು ವೇಗ ಎಂದೂ ಸಾಧ್ಯವಾಗಿಲ್ಲ. ಮರುದಿನ ಭಾನುವಾರ ಹತ್ತು ಗಂಟೆಗೆ ಮನೆಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಜುಂಜಪ್ಪ ಇಳಿದರು. ಎಳನೀರು ಇಳಿಯಿತು. ಹಿಂದಿನಿಂದ ಎಂಟು ಜನ ಇಳಿದರು. ಬಿಸಿಯೂಟದ ಅಡುಗೆ ಮಾಡುವ ತಿಪ್ಪಕ್ಕ ನುಗ್ಗೆಸೊಪ್ಪಿನ ಕಂತೆಯೊಂದಿಗೆ ನೇರ ಅಡುಗೆಮನೆಗೆ ನಡೆದಳು. ಸಂಜೆಯವರೆಗೆ ಬಂದವರು ಇಪ್ಪತ್ತಮೂರು ಜನ. ಪ್ರತಿಯೊಬ್ಬರೂ ಮೊದಲಿನಿಂದ ಹೇಳಿ ಎಂದರು. ಯಶೋದಾ ಇಪ್ಪತ್ತಮೂರು ಸಲ ಮೊದಲಿನಿಂದ ಹೇಳಿದಳು. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ, ಬಿಪಿಯಿಂದ ತೀರಿಹೋದ ಒಬ್ಬರನ್ನು ನೆನಪಿಸಿಕೊಂಡು ಧೈರ್ಯ ತುಂಬಿ ಹೋದರು.

ಆ ಸಂಜೆ ನೂರ ಎಂಬತ್ತಾರು.

ಪ್ರವಾಸ ನಾನೇ ನಿಲ್ಲಿಸಿದ್ದು ಎಂದು ಅವಳಿಗೆ ಗೊತ್ತಾಗಿತ್ತು. ಬೈಯಲಿಲ್ಲ. ತೋಳಿನ ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟಳು.

“ನಾನು ಹುಡುಗ್ರಿಗೆ ಏನೂ ಹೇಳಲ್ಲ. ನಲವತ್ತೆರಡು ಮಕ್ಳ ಮುಂದೆ ನಿಂತ್ಕಂಡು ನೀವೇ ಹೇಳಿ ಬರ್ರಿ.”

ಕಲೆಕ್ಟರ ಮುಂದೆ ನಿಂತು ಪ್ರಶ್ನೆ ಕೇಳಿದವನು ನಾನು. ಈ ಕೆಲಸ ನನ್ನಿಂದಾಗದು ಎನ್ನಿಸಿತು. ಕೊನೆಗೆ ಒಪ್ಪಂದವಾಯಿತು: ಶುಕ್ರವಾರ ಡಾಕ್ಟರ ಬಳಿಗೆ ಹೋಗುವುದಿದೆಯಲ್ಲ, ಅವರು ಬೇಡ ಎಂದರೆ ಅವಳೇ ಹೇಳುತ್ತಾಳೆ, ಹೋಗಬಹುದು ಎಂದರೆ ನಾನು ತುಟಿ ಎರಡು ಮಾಡಕೂಡದು.

ಶುಕ್ರವಾರ ದೇವಿಕಾ ಅವರು ನೋಟ್‌ಬುಕ್ ತೆರೆದರು. ಅಂಕಿಗಳ ಮೇಲೆ ಕಣ್ಣಾಡಿಸಿದಾಗ ಹುಬ್ಬು ಮೇಲೇರಿತು. ‘ವಿಶೇಷ’ ಕಾಲಂ ಓದತೊಡಗಿದಾಗ ಕೆಳಗಿಳಿಯಿತು. ಪುಟ ತಿರುಗಿಸಿದರು. ಪಲ್ಯದ ಪ್ರಸಂಗವನ್ನು ಎರಡು ಸಲ ಓದಿದರು. ನನಗೆ ಹೆಮ್ಮೆಯೆನ್ನಿಸಿತು.

“ಸರ್, ಇದೆಲ್ಲ ಯಾವಾಗ ಕೇಳಿದ್ದು?”

ಮಿಷನ್ ನಡೆಯುತ್ತಿರುವಾಗಲೇ, ಬಿಸಿಬಿಸಿಯಾಗಿ ಎಂದೆ.

ನಾನು ಕೊಟ್ಟ ಹಾಳೆ ಓದಿದಿರಾ ಎಂದರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ನೋಡಿದೆ. ಡಾಕ್ಟರು ನನ್ನನ್ನು ಹೊರಗೆ ಕೂರಿಸಿದರು. ಯಶೋದಾಳ ಬೆನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೂರಿಸಿ, ತೋಳು ಮೇಜಿನ ಮೇಲಿಡಿಸಿ, ಐದು ನಿಮಿಷ ಸುಮ್ಮನೆ ಬಿಟ್ಟು ನೋಡಿದರು. ನೂರ ನಲವತ್ತೆರಡು. ಮತ್ತೆ ನೋಡಿದರು. ಅಷ್ಟೇ. ಆಮೇಲೆ ನನ್ನನ್ನು ಒಳಗೆ ಕರೆದು, ಪಟ್ಟಿಗೆ ಗಾಳಿ ತುಂಬುವಾಗ ಎಂದಿನಂತೆ ಒಂದು ಪ್ರಶ್ನೆ ಕೇಳಿ ಎಂದರು.

ನಾನು ತುಂಬ ಸೌಮ್ಯವಾದದ್ದನ್ನೇ ಆರಿಸಿದೆ. “ಈಗ ಹೇಗನ್ನಿಸ್ತಿದೆ?”

ಅವಳು ಹೇಗನ್ನಿಸುತ್ತಿದೆ ಎಂದು ಹೇಳಿದಳು. ಉಪ್ಪಿಲ್ಲದ ಸಾರಿನಿಂದ ಹಿಡಿದು ಗೂಡ್ಸ್ ಆಟೋದವರೆಗೆ ಹೇಳಿದಳು. ನೂರ ಅರವತ್ತು.

ಡಾಕ್ಟರು ಎರಡೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನನ್ನ ಕಡೆಗೆ ತಿರುಗಿಸಿದರು.

“ನೂರ ನಲವತ್ತೆರಡು, ಈಸ್ಟ್ರೋಜನ್ ಹೋಗಿದ್ದಕ್ಕೆ. ಮೇಲಿನ ಹದಿನೆಂಟು, ನೀವು ಬಂದಿದ್ದಕ್ಕೆ.”

ನಗು ಮುಗಿದ ಮೇಲೆ ಅವರು ಗಂಭೀರವಾಗಿಯೇ ಹೇಳಿದರು. ನೂರ ನಲವತ್ತೆರಡೂ ಜಾಸ್ತಿಯೇ, ಅದನ್ನು ನಕ್ಕು ಮರೆಯುವಂತಿಲ್ಲ. ಸಣ್ಣ ಪ್ರಮಾಣದ ಒಂದು ಮಾತ್ರೆ ಬರೆದರು. ಉಪ್ಪು ಕಡಿಮೆ, ನಡಿಗೆ ದಿನವೂ, ತಿಂಗಳ ಬಳಿಕ ಮತ್ತೆ ತಪಾಸಣೆ. ಹಾಗಾದರೆ ಆ ಈಸ್ಟ್ರೋಜನ್ನನ್ನೇ ಮಾತ್ರೆಯಾಗಿ ಕೊಡಬಾರದೇ ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ. ಅದನ್ನು ಬಿಪಿಗೆಂದು ಕೊಡುವುದಿಲ್ಲ, ಮೈ ಬಿಸಿಯೇರಿ ಬೆವರುವ ಕಾಟ ಜಾಸ್ತಿಯಿದ್ದರೆ ಎಲ್ಲ ಪರೀಕ್ಷಿಸಿ ಕೆಲವರಿಗೆ ಕೊಡುತ್ತೇವೆ, ಇದನ್ನು ನಿಮ್ಮ ಸಂದರ್ಶನದಲ್ಲೇ ಹೇಳಿದ್ದೆ ಎಂದರು. ನಾನು ಬರೆದುಕೊಂಡಿರಲಿಲ್ಲ. ಮುಂದಿನ ಪ್ರಶ್ನೆಯ ಯೋಚನೆಯಲ್ಲಿದ್ದೆನೆಂದು ಕಾಣುತ್ತದೆ.

“ಮಾರಿಕಣಿವೆಗೆ ಹೋಗಬೌದಾ ಮೇಡಮ್?” ಯಶೋದಾ ಕೇಳಿದಳು. ಅವಳ ದನಿ ಐದನೇ ತರಗತಿಯ ಹುಡುಗಿಯಂತಿತ್ತು.

“ಹೋಗ್ಬನ್ನಿ. ನಡೆಯೋದೇ ನಿಮಗೆ ಬೇಕಾಗಿರೋದು. ಬಿಸಿಲಲ್ಲಿ ನೀರು ಕುಡೀತಾ ಇರಿ.”

ಮನೆಗೆ ಬಂದ ತಕ್ಷಣ ಭರಣಿಗೆ ಬಿಡುಗಡೆಯಾಯಿತು. ಅವ್ವ ಒಳಗಿನ ಹೋಳುಗಳನ್ನು ಎಣಿಸಿ ನೋಡಿ ಒಯ್ದಳು.

ಶನಿವಾರ ಮಿಷನ್ ಹೊರುವ ಕೂಲಿಯಾಗಿ ನಾನೂ ಬಸ್ ಹತ್ತಿದೆ. ಮಾತಾಡಕೂಡದು ಎಂಬ ಷರತ್ತಿನ ಮೇಲೆ. ಕೋಡಿಯ ನೀರು ಬೆಳ್ಳಗೆ ಧುಮುಕುತ್ತಿತ್ತು. ಮಕ್ಕಳು ಕಿರುಚಿದರು, ಯಶೋದಾ ಅವರಿಗಿಂತ ಜೋರಾಗಿ ಕಿರುಚಿದಳು. ಬೆವರು ಬಂದಾಗ ಸೆರಗಿನಿಂದ ಒರೆಸಿಕೊಂಡು, ಇಲ್ಲಿ ಫ್ಯಾನೇ ಬೇಡ ನೋಡಿ ಎಂದು ತುಂತುರಿಗೆ ಮುಖವೊಡ್ಡಿ ನಿಂತಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಬಹಳ ದಿನವಾಗಿತ್ತು. ಕಾರಣವೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಚಿತ್ರಾನ್ನ ಉಂಡು ಹೊಂಗೆ ಮರದ ನೆರಳಲ್ಲಿ ಕೂತಿದ್ದಾಗ ಒಂದು ಸಲ ಬಿಪಿ ನೋಡೋಣವೇ ಎಂದು ಸನ್ನೆ ಮಾಡಿದೆ. ಅವಳು ಕಟ್ಟೆಗೊರಗಿ ಕೂತಳು.

“ಎಲ್ರೂ ಬಾಯಿ ಮೇಲೆ ಬೆರಳು.”

ನಲವತ್ತೊಂದು ಬೆರಳು ನಲವತ್ತೊಂದು ಬಾಯಿಯ ಮೇಲೆ ಬಂದವು. ನಲವತ್ತೆರಡನೆಯದು ನನ್ನದು. ತರಗತಿಯ ಲೀಡರ್ ಬಿಂದು ಮಾತ್ರ ಕೈಯಲ್ಲಿ ನೋಟ್‌ಬುಕ್ ಹಿಡಿದು ಪಹರೆ ನಿಂತಳು. ಐದು ನಿಮಿಷ ದೂರದ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮಿಷನ್ನು ಗಾಳಿ ತುಂಬಿತು, ಇಳಿಯಿತು. ನೂರ ಮೂವತ್ತಾರು.

“ನೂರ ಮೂವತ್ತಾರು! ನೋಡು ಯಶೋದಾ, ಇಳೀತು! ಇನ್ನೊಂದು ಸಲ ನೋಡಾಣ, ಎದೆ ಹೇಗಿದೆ?” ಎಂದುಬಿಟ್ಟೆ.

ಬಿಂದು ನೋಟ್‌ಬುಕ್ ತೆರೆದಳು. ಬರೆದಳು. ನಾನು ಬಗ್ಗಿ ನೋಡಿದೆ. ಹಾಳೆಯ ತಲೆಯಲ್ಲಿ ದುಂಡಗಿನ ಅಕ್ಷರ: ‘ಮಾತಾಡಿದವರು’. ಕೆಳಗೆ ಒಂದೇ ಒಂದು ಸಾಲು: ‘1. ಮಿಸ್ ಅವರ ಮನೆಯವರು’. ಮುಂದೆ ಮೂರು ಗುಣಾಕಾರದ ಗುರುತು, ವಾಕ್ಯಕ್ಕೊಂದರಂತೆ.

ಇಪ್ಪತ್ತೆಂಟು ವರ್ಷದ ದಪ್ಪಕ್ಷರದ ಮೇಲೆ ಇಂಥ ಕಲ್ಲು ಬಿದ್ದಿರಲಿಲ್ಲ. ನಾನು ಅವಳ ಕಿವಿಯ ಬಳಿ ಪಿಸುಗುಟ್ಟಿದೆ. “ಮಗಾ, ನನಗೆ ಹೆಸರೈತೆ. ಕನಕರಾಜ್.”

ಬಿಂದು ನನ್ನನ್ನು ನೋಡಿದಳು. ನಾಲ್ಕನೆಯ ಗುರುತು ಹಾಕಿದಳು.