ದಾಟಿಸದ ದೋಣಿಯ ಟಿಕೆಟ್ಟು

ನಾನು ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಜಿಪುಣತನಕ್ಕೆಲ್ಲ ನನ್ನ ಕಡೆಯಿಂದ ಇದೊಂದೇ ಸಮರ್ಥನೆ. ಇಷ್ಟು ವರ್ಷ ಹಣದ ಗಲ್ಲೆಯ ಪಕ್ಕ ಕೂತವನ ಹೆಬ್ಬೆರಳಿಗೂ ತೋರುಬೆರಳಿಗೂ ಒಂದು ಚಟ ಅಂಟಿಕೊಳ್ಳುತ್ತದೆ. ಏನು ಕಂಡರೂ ಅಂಚು ಹಿಡಿದು ತಿಕ್ಕಿ ನೋಡಬೇಕು. ಇದರ ಖರೀದಿ ಎಷ್ಟಿದ್ದೀತು, ನಮಗೆ ಎಷ್ಟಕ್ಕೆ ಹಚ್ಚುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ಮದುವೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಪೆಂಡಾಲಿನ ಬಟ್ಟೆ ಮುಟ್ಟುತ್ತೇನೆ. ಜಿಡಗಾ ಮಠದಲ್ಲಿ ಪ್ರಸಾದಕ್ಕೆ ಕೂತಾಗಲೂ ಕೈ ತನ್ನಷ್ಟಕ್ಕೆ ತಾನು ಜಮಖಾನದ ಮೂಲೆಗೆ ಹೋಗಿರುತ್ತದೆ. ತಮಾಷೆಯೆಂದರೆ, ಅಂಗಡಿಗೆ ಬಂದ ಗಿರಾಕಿಗಳಿಗೆ ನಾನು ಬೆಳಗಿನಿಂದ ಸಂಜೆತನಕ ಹೇಳುವುದು "ರೇಟು ನೋಡಬ್ಯಾಡ್ರಿ, ಮಾಲು ನೋಡ್ರಿ" ಎಂದು. ಈ ಉಪದೇಶವನ್ನು ಸ್ವಂತಕ್ಕೆ ಬಳಸಿದ ನೆನಪು ನನಗಿಲ್ಲ.

ನನ್ನ ಹೆಂಡತಿ ಶರಣಮ್ಮ ಅಫಜಲಪುರದವಳು, ಅಂದರೆ ಭೀಮೆಯ ದಂಡೆಯವಳು. ಆ ಕಡೆಯವರಿಗೆ ಹೊಳೆಯೆಂದರೆ ಮನೆಯಲ್ಲಿನ ಒಬ್ಬ ಹಿರಿಯ ಹೆಂಗಸು ಇದ್ದ ಹಾಗೆ. ಹೊಸ ಸೀರೆ ಉಟ್ಟರೂ ಆಕೆಗೆ ತೋರಿಸಬೇಕು, ಮಗಳು ಗಂಡನ ಮನೆಗೆ ಹೊರಟರೂ ಆಕೆಗೆ ಹೇಳಿ ಹೋಗಬೇಕು. ಮದುವೆಯಾಗಿ ಆಳಂದಕ್ಕೆ ಬಂದ ಮರುದಿನವೇ ಅವಳು ನಿಮ್ಮೂರ ಹೊಳಿ ಎಲ್ಲದ ಎಂದು ಕೇಳಿದಳಂತೆ. ನಮ್ಮವ್ವ ಸ್ವಲ್ಪವೂ ನಗದೆ ಓಣಿಯ ತುದಿಯ ಬೋರಿಂಗು ತೋರಿಸಿದಳು. ಅಂದಿನಿಂದ ನಮ್ಮ ಊರಿನ ಬಗ್ಗೆ ಶರಣಮ್ಮನಿಗೆ ಇರುವ ಅಭಿಪ್ರಾಯ ಇಂದಿಗೂ ಹೆಚ್ಚು ಬದಲಾಗಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂತು. ಬಂದದ್ದು ಸುಮ್ಮನೆ ಹೋಗದೆ ನನ್ನನ್ನು ಕಲಬುರಗಿಯ ಆಸ್ಪತ್ರೆಯೊಂದರ ಮಂಚಕ್ಕೆ ಕೆಡವಿತು. ಪ್ಲೇಟ್ಲೆಟ್ ದಿನದಿನಕ್ಕೆ ಇಳಿಯತೊಡಗಿತು. ಬೀಗರು ನೆಂಟರೆಲ್ಲ ಬೆಳಿಗ್ಗೆ ಫೋನು ಮಾಡಿ, ಬಂಗಾರದ ದರ ಕೇಳಿದ ಹಾಗೆ, ಇವತ್ತು ಎಷ್ಟಕ್ಕೆ ಬಂತು ಎಂದು ಕೇಳುತ್ತಿದ್ದರು. ನನಗೆ ಆಗ ಅರೆಬರೆ ಎಚ್ಚರ. ಒಂದು ಮಧ್ಯಾಹ್ನ ಕಣ್ಣು ಬಿಟ್ಟಾಗ ಶರಣಮ್ಮ ಕಿಟಕಿಯ ಕಡೆ ಮುಖ ಮಾಡಿ, ಸೆರಗು ಒಡ್ಡಿ ನಿಂತಿದ್ದಳು. ಈ ಮನುಷ್ಯ ಎದ್ದು ಮನೆಗೆ ಬಂದರೆ ಇಬ್ಬರೂ ದೋಣಿಯಲ್ಲಿ ಕೂತು, ನಡುಹೊಳೆಗೆ ಹೋಗಿ, ಗಂಗವ್ವನ ಉಡಿ ತುಂಬುತ್ತೇವೆ ಎಂದು ಆಕೆ ಹರಕೆ ಹೊತ್ತದ್ದು ಹೀಗೆ. ಉಡಿ ಎಂದರೆ ಕುಪ್ಪಸದ ಖಣ, ತೆಂಗಿನಕಾಯಿ, ಒಂದು ಹಿಡಿ ಜೋಳ, ಅರಿಷಿಣ ಕುಂಕುಮ. ಆಸ್ಪತ್ರೆಯವರ ಬಿಲ್ಲಿಗೆ ಹೋಲಿಸಿದರೆ ಗಂಗವ್ವ ಬಹಳ ಸಸ್ತಾದಲ್ಲಿ ಒಪ್ಪಿಕೊಂಡಿದ್ದಳು.

ಅದೇ ಹೊತ್ತಿಗೆ ಇನ್ನೊಂದು ಹರಕೆಯೂ ನಡೆದಿತ್ತು. ನಮ್ಮ ಅಂಗಡಿಯ ಪಕ್ಕದಲ್ಲಿ ಖಾಜಾಸಾಬನ ಟೇಲರ್ ಅಂಗಡಿ. ನಾನು ಮಲಗಿದಷ್ಟು ದಿನ ತನ್ನ ಹೊಲಿಗೆ ಬಿಟ್ಟು ನನ್ನ ಗಲ್ಲೆ ಕಾಯ್ದವನು ಅವನು. ದರ್ಗಾಕ್ಕೆ ಚಾದರ್ ಹೊದಿಸುತ್ತೇನೆಂದು ಮನ್ನತ್ತು ಬೇಡಿಕೊಂಡಿದ್ದನಂತೆ. ನಾನು ಮನೆಗೆ ಬಂದ ವಾರದೊಳಗೆ ಹೊದಿಸಿಯೂ ಬಂದ. ಅದರ ಬಟ್ಟೆಯನ್ನು ನನ್ನ ಅಂಗಡಿಯಲ್ಲೇ ಕೊಂಡ, ಆ ದಿನ ಗಲ್ಲೆಯಲ್ಲಿ ಕೂತಿದ್ದ ನನ್ನ ತಮ್ಮ ಅವನಿಂದ ಪೂರ್ತಿ ರೇಟು ತೆಗೆದುಕೊಂಡ. ನನಗೆ ಗೊತ್ತಾಗಿ ನಾಚಿಕೆಯಾಯಿತು. ಹಣ ವಾಪಸು ಕೊಡಲು ಹೋದರೆ ಖಾಜಾಸಾಬ ಕೈ ಹಿಂದಕ್ಕೆ ಎಳೆದುಕೊಂಡು, "ಮನ್ನತ್ತಿನಾಗ ಡಿಸ್ಕೌಂಟ್ ಇರಂಗಿಲ್ಲ ಸೇಟ್" ಅಂದ. ಹೀಗೆ ಅವನ ಬಾಕಿ ತೀರಿತು. ಉಳಿದದ್ದು ಶರಣಮ್ಮನದು.

ಅದು ತೀರದೇ ಉಳಿಯಲು ಕಾರಣ ಭೀಮೆಯೆಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಆಕೆಗೆ ಒಂದು ಹದ ಇಲ್ಲ. ಮಳೆಗಾಲದಲ್ಲಿ ದೋಣಿ ಬಿಡುವ ಹಾಗಿಲ್ಲದಷ್ಟು ನೀರು, ಬೇಸಿಗೆಯಲ್ಲಿ ದೋಣಿಯನ್ನು ಹೆಗಲ ಮೇಲೆ ಹೊತ್ತು ನಡೆಯಬೇಕಾದಷ್ಟು ಉಸುಕು. ಆದರೆ ನಡುವೆ ಒಂದು ಒಳ್ಳೆಯ ಕಾಲವೂ ಇರುತ್ತದೆ ಎಂಬ ಮಾತನ್ನು ನಾನು ನುಂಗಿಕೊಳ್ಳುತ್ತೇನೆ. ಅಂಥ ಕಾಲದಲ್ಲಿ ಶರಣಮ್ಮ ನನ್ನನ್ನು ಅಫಜಲಪುರದ ಕಡೆ ಹಿನ್ನೀರಿನ ದಂಡೆಗೆ ಕರೆದೊಯ್ದಳು. ಮೀನು ಹಿಡಿಯುವವರ ಒಂದು ಹರಿಗೋಲು ಸಿದ್ಧವಾಗಿತ್ತು. ಅದರ ದುಂಡಗಿನ ಆಕಾರ ನೋಡಿದೆ. ಯಾವುದು ಮುಂದು ಯಾವುದು ಹಿಂದು ಎಂದು ತನಗೇ ತಿಳಿಯದ ವಾಹನ ಅದು. ಒಂದು ಕಾಲಿಟ್ಟೆ, ಅದು ಆ ಕಾಲನ್ನಷ್ಟೇ ತೆಗೆದುಕೊಂಡು ಹೊರಟಿತು. ಕಾಲನ್ನು ವಾಪಸು ಪಡೆದು ದಂಡೆಯಲ್ಲಿ ನಿಂತು, ಬದುಕಿ ಬಂದದ್ದಕ್ಕೆ ಕೃತಜ್ಞತೆ ಹೇಳಲು ಹೋಗಿ ಮುಳುಗುವುದು ಸರಿಯಲ್ಲವೆಂದು ಹೆಂಡತಿಗೆ ವಿವರಿಸಿದೆ. ಆಕೆ ಖಣವನ್ನು ಚೀಲದ ತಳಕ್ಕೆ ಇಟ್ಟುಕೊಂಡಳು.

ಜೇವರ್ಗಿಯಲ್ಲಿರುವ ಅವಳ ಅಣ್ಣ ಸಿದ್ರಾಮಪ್ಪ ಇದಕ್ಕೊಂದು ಪರಿಹಾರ ಹುಡುಕಿದ. ಅವರೂರಿನ ಹತ್ತಿರ ಭೀಮೆಗೆ ದೊಡ್ಡ ಸೇತುವೆ ಇದೆ. ಬಸ್ಸಿನ ಕಿಟಕಿಯಿಂದಲೇ ನಡುಹೊಳೆಗೆ ಉಡಿ ಒಗೆದರೆ ಆಯಿತಲ್ಲ, ಇಳಿಯುವ ತ್ರಾಸೂ ಇಲ್ಲ ಅಂದ. ನನಗೆ ಈ ವಿಚಾರ ಬಹಳ ಇಷ್ಟವಾಯಿತು. ಶರಣಮ್ಮ ಮಾತ್ರ, ಮನೆಗೆ ಬಂದ ಮುತ್ತೈದೆಯ ಉಡಿಯನ್ನು ಯಾರಾದರೂ ಮಾಳಿಗೆಯ ಮೇಲಿಂದ ಒಗೆದು ತುಂಬುತ್ತಾರೇನು ಎಂದು ಕೇಳಿದಳು. ಅಲ್ಲಿಂದ ಮುಂದೆ ನಾನು ಒಮ್ಮೆ ಕೆಮ್ಮಿದರೂ ಸಾಕು, ಶರಣಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ಹಬ್ಬದ ಹೋಳಿಗೆ ಬಡಿಸುವಾಗಲೂ ಅವಳ ಮುಖದಲ್ಲಿ ತೀರದ ಹರಕೆಯ ಅಂಜಿಕೆ ಇಣುಕುತ್ತಿತ್ತು. ಅದು ನನಗೆ ಕಾಣುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಮ್ಮು ಬಂದಾಗ ಹಿತ್ತಲಿಗೆ ಹೋಗುವ ಅಭ್ಯಾಸ ಮಾಡಿಕೊಂಡೆ.

ಈ ವರ್ಷ ನನ್ನ ಷಡ್ಡಕ ಪಣಜಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದ. ಸಮಾರಂಭ ಮುಗಿಸಿ, ರಾತ್ರಿಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ನಾನೂ ಶರಣಮ್ಮನೂ ಮಾಂಡವಿ ಹೊಳೆಯ ಪಕ್ಕದ ರಸ್ತೆಯಲ್ಲಿ ಅಡ್ಡಾಡುತ್ತ ಬಂದೆವು. ಅಲ್ಲಿ ನಿಂತಿತ್ತು. ಎರಡು ಅಂತಸ್ತಿನ ದೋಣಿ, ಮೈತುಂಬ ದೀಪದ ಸರ, ಸುತ್ತಲೂ ಗಟ್ಟಿ ಕಬ್ಬಿಣದ ಕಟಾಂಜನ. ಮುಂದು ಹಿಂದು ಸ್ಪಷ್ಟವಾಗಿತ್ತು. ಶರಣಮ್ಮ ದೋಣಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದಕ ಅಂಜೂದೇನಿಲ್ಲಲ್ರಿ. ಎಲ್ಲಾ ಹೊಳಿನೂ ಗಂಗವ್ವನ. ಹೋಗೂಣೇನು?" ಅಂದಳು.

ಅಂಜಲು ಏನೂ ಇರಲಿಲ್ಲ, ರೇಟಿನ ಹಲಗೆಯೊಂದನ್ನು ಬಿಟ್ಟು. ಅದನ್ನು ಓದಿ ನನ್ನ ಬೆರಳುಗಳು ತಾವಾಗಿಯೇ ಒಂದಕ್ಕೊಂದು ತಿಕ್ಕಿಕೊಂಡವು. ಟಿಕೆಟ್ಟಿನ ಕಿಟಕಿಯಲ್ಲಿದ್ದವನನ್ನು ದೋಣಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಒಂದು ತಾಸು ಹೊಳೆಯಲ್ಲಿ ಸುತ್ತಾಡಿ ಇಲ್ಲಿಗೇ ಬರುತ್ತದೆ ಅಂದ. ನಾನು ಇನ್ನೊಮ್ಮೆ ಕೇಳಿದೆ, ಅವನು ಇನ್ನೊಮ್ಮೆ ಅದನ್ನೇ ಹೇಳಿದ. ನಮ್ಮ ಕಡೆ ದೋಣಿಯೆಂದರೆ ಆಚೆ ದಂಡೆಗೆ ಬಿಡುವಂಥದ್ದು. ಹತ್ತಿದಲ್ಲೇ ಇಳಿಸುವುದಕ್ಕೆ ಇಷ್ಟು ರೊಕ್ಕ ಕೊಡುವುದಾದರೆ, ಹತ್ತದೆ ಉಳಿಯುವುದಕ್ಕೆ ಇವರೇ ನಮಗೆ ಏನಾದರೂ ಕೊಡಬೇಕಲ್ಲವೇ? ಈ ವಾದವನ್ನು ಅವನ ಮುಂದೆ ಮಂಡಿಸಿದೆ. ಅವನು ನನ್ನ ಹಿಂದೆ ನಿಂತವರನ್ನು ಮುಂದೆ ಕರೆದ.

ಸಂಜೆಯ ಕೊನೆಯ ದೋಣಿ ಅದು, ಅರ್ಧ ತಾಸಿನಲ್ಲಿ ಬಿಡುವುದಿತ್ತು. ಇಂಥ ಸಮಯದಲ್ಲಿ ಬುದ್ಧಿವಂತರು ಮಾಡುವುದನ್ನೇ ನಾನೂ ಮಾಡಿದೆ, ಮೊಬೈಲಿನಲ್ಲಿ ಜನರ ಅಭಿಪ್ರಾಯ ಓದಿದೆ. ಒಬ್ಬ ಒಂದೇ ಚುಕ್ಕಿ ಕೊಟ್ಟು, ಬರೀ ನೀರು ತೋರಿಸುತ್ತಾರೆ ಎಂದು ಬರೆದಿದ್ದ. ಇನ್ನೊಬ್ಬ ಐದು ಚುಕ್ಕಿ ಕೊಟ್ಟು, ತನ್ನ ಅತ್ತೆ ಬಹಳ ಕುಣಿದಳು ಎಂದು ಬರೆದಿದ್ದ. ಇಷ್ಟರಿಂದ ಸಮಾಧಾನವಾಗದೆ ಜೇವರ್ಗಿಗೆ ಫೋನು ಹಚ್ಚಿದೆ. ಸಿದ್ರಾಮಪ್ಪ ರೇಟು ಕೇಳಿ, ಅಷ್ಟಕ್ಕೆ ಎರಡು ಕುರಿ ಅಲ್ಲದಿದ್ದರೂ ಒಂದು ಮರಿಯ ಬಾಲವಾದರೂ ಬರುತ್ತದೆ, ಸುಮ್ಮನೆ ಬಸ್ ಹತ್ತಿರಿ ಅಂದ. ಶರಣಮ್ಮ ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತು, ಹೋದಲ್ಲೆಲ್ಲ ಹೊತ್ತೊಯ್ಯುವ ಆ ಉಡಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೀರನ್ನೇ ನೋಡುತ್ತಿದ್ದಳು. ಒತ್ತಾಯ ಮಾಡಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಆಕೆ ಒತ್ತಾಯ ಮಾಡಲೇ ಇಲ್ಲ.

ಕೊನೆಗೆ ಖಾಜಾಸಾಬನಿಗೆ ಫೋನು ಮಾಡಿದೆ. ಅವನು ಹಿಂದೊಮ್ಮೆ ಮನೆಯವರನ್ನೆಲ್ಲ ಕಟ್ಟಿಕೊಂಡು ಗೋವಾ ನೋಡಿ ಬಂದವನು. ಹಿನ್ನೆಲೆಯಲ್ಲಿ ಹೊಲಿಗೆ ಮಷೀನು ಕೇಳಿಸುತ್ತಿತ್ತು. ದೋಣಿಯಲ್ಲಿ ವಿಶೇಷವೇನಿಲ್ಲ, ಗದ್ದಲ ಜಾಸ್ತಿ, ಸಮೋಸಾ ತಣ್ಣಗಿರುತ್ತದೆ ಅಂದ. ನನಗೆ ಜೀವ ಬಂದ ಹಾಗಾಯಿತು. ಹೌದಲ್ಲ, ಇದಕ್ಕೆ ಇಷ್ಟು ರೇಟು ಜಾಸ್ತಿಯಲ್ಲವೇ ಎಂದು ಅವನ ಬಾಯಿಂದಲೇ ಹೊರಡಿಸಲು ನೋಡಿದೆ. ಅವನು, ಈಗ ಅದಕ್ಕೆ ಹೋಗಬೇಕೆಂದವರು ಯಾರು ಎಂದು ಕೇಳಿದ. ನಿನ್ನ ವಹಿನಿ ಶರಣಮ್ಮ, ಹರಕೆಯ ಸಲುವಾಗಿ, ಅಂದೆ. ಮಷೀನು ನಿಂತಿತು.

"ಸೇಟ್, ಆ ಹರಕಿ ಹೊತ್ತಿದ್ದು ನಿಮ್ಮ ಜೀವಕ್ಕಲ್ರಿ? ಮತ್ತ ನೀವು ಯಾರದ ರೇಟ್ ಕೇಳಾಕತ್ತೀರಿ?" ಅಂದ ಖಾಜಾಸಾಬ.

ಅಷ್ಟು ಹೊತ್ತು ನಾನು ದೋಣಿಯನ್ನು ಮುಟ್ಟಿ ಮುಟ್ಟಿ ನೋಡಿ ದುಬಾರಿ ದುಬಾರಿ ಎನ್ನುತ್ತಿದ್ದೆ. ತಕ್ಕಡಿಯ ಇನ್ನೊಂದು ಕಡೆ ಕೂತವನು ನಾನೇ ಎಂಬುದು ಹೊಳೆದಿರಲಿಲ್ಲ. ಆಸ್ಪತ್ರೆಯಲ್ಲಿ ಊಟ ನಿದ್ದೆ ಬಿಟ್ಟು ಕಾಲ ಬಳಿ ಕೂತವಳು ಒಂದು ಸಲವೂ ಈ ಗಂಡ ಇಷ್ಟಕ್ಕೆ ಬಾಳುತ್ತಾನೋ ಇಲ್ಲವೋ ಎಂದು ತವರಿಗೆ ಫೋನು ಮಾಡಿ ಕೇಳಿರಲಿಲ್ಲ. ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ ನಾನು ಬಲ್ಲೆ. ಕಣ್ಣು ಒರೆಸಿಕೊಂಡು ಹೋಗಿ ಎರಡು ಟಿಕೆಟ್ಟು ತಂದೆ. ಕಿಟಕಿಯವನು ನನ್ನ ಮುಖ ನೋಡಿ, ರೇಟಿಗಾಗಿಯೇ ಅಳುತ್ತಿದ್ದೇನೆಂದು ತಿಳಿದಿರಬೇಕು.

ದೋಣಿಯ ಮೇಲೆ ಖಾಜಾಸಾಬ ಹೇಳಿದಂತೆಯೇ ಗದ್ದಲ. ಒಬ್ಬರು ಮೈಕು ಹಿಡಿದು ದಂಪತಿಗಳೆಲ್ಲ ಮುಂದೆ ಬಂದು ಕುಣಿಯಬೇಕೆಂದು ಕೂಗುತ್ತಿದ್ದರು. ನಡುಹೊಳೆ ಬಂದಾಗ ಶರಣಮ್ಮ ಎದ್ದು ಕಟಾಂಜನದ ಹತ್ತಿರ ಹೋಗಿ ಚೀಲ ಬಿಚ್ಚಿದಳು. ತಳದಿಂದ ಖಣ ತೆಗೆದಳು. ನೋಡಿದರೆ ನನ್ನ ಅಂಗಡಿಯ ಮೇಲಿನ ಖಾನೆಯ ಗುಳೇದಗುಡ್ಡ ಖಣ, ಎಲ್ಲಕ್ಕಿಂತ ಭಾರಿಯದು. ನಮ್ಮ ಕಡೆ ಉಡಿಯ ಖಣಗಳು ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ, ನಾನು ಮಾರಿದ ಒಂದು ಖಣ ಮೂರು ತಾಲೂಕು ಸುತ್ತಿ ನನ್ನ ಮನೆಗೇ ಬಂದದ್ದುಂಟು. ಗಂಗವ್ವನಿಗೆ ಮಾತ್ರ ಅವಳು ಅಂಥದ್ದನ್ನು ತಂದಿರಲಿಲ್ಲ.

ಕಾಯಿ ಎತ್ತುವಷ್ಟರಲ್ಲಿ ಕಾವಲಿನ ಹೆಂಗಸೊಬ್ಬಳು ಓಡಿ ಬಂದು ಕೈ ಅಡ್ಡ ಹಿಡಿದಳು. ಖಾಕಿ ಪ್ಯಾಂಟು ಶರ್ಟು, ಮೇಲೊಂದು ಕೇಸರಿ ಬಣ್ಣದ ತೇಲುವ ಜಾಕೀಟು. ನೀರಿಗೆ ಏನೂ ಹಾಕುವಂತಿಲ್ಲ, ಬಟ್ಟೆಯಂತೂ ಹೋಗಿ ದೋಣಿಯ ಪಂಖಕ್ಕೆ ಸುತ್ತಿಕೊಳ್ಳುತ್ತದೆ ಎಂದು ಹೇಳಿದಳು. ಆಳಂದದವರಿಗೆ ಮರಾಠಿ ಹೊಸದಲ್ಲ. ಶರಣಮ್ಮ ಮರಾಠಿಯಲ್ಲಿ ಡೆಂಗ್ಯೂದಿಂದ ಹಿಡಿದು ಹರಿಗೋಲಿನ ತನಕ ಎಲ್ಲವನ್ನೂ ಹೇಳಿದಳು. ನಡುನಡುವೆ ನನ್ನತ್ತ ಬೆರಳು ತೋರಿಸುತ್ತಿದ್ದಳು. ಆ ಹೆಂಗಸು ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ, ಇಷ್ಟಕ್ಕಾಗಿಯೇ ಎಂಬಂಥ ಮುಖ ಮಾಡಿದಳು. ಆಮೇಲೆ ಜೋಳವನ್ನೂ ಚಿಟಿಕೆ ಅರಿಷಿಣ ಕುಂಕುಮವನ್ನೂ ಬಿಡಲು ಒಪ್ಪಿದಳು. ಖಣ, ಕಾಯಿ ಕೂಡದು.

ನಾವಿಬ್ಬರೂ ಕೈ ಕೂಡಿಸಿ ಜೋಳ ಬಿಟ್ಟೆವು. ಶರಣಮ್ಮ ಉಳಿದ ಖಣ ಕಾಯಿ ಹಿಡಿದು, ಆ ಕಾವಲಿನವಳ ಕಡೆ ತಿರುಗಿ, ದಿನಾ ಹೊಳೆಯ ಮೇಲೇ ಇರುವವಳು ನೀನು, ಉಡಿ ಒಡ್ಡವ್ವ ಅಂದಳು. ಅವಳಿಗೆ ಒಡ್ಡಲು ಸೆರಗಿರಲಿಲ್ಲ. ಸುತ್ತ ನೋಡಿ, ಜಾಕೀಟಿನ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಶರಣಮ್ಮ ಅದರಲ್ಲಿ ಖಣ ಇಟ್ಟು, ಕಾಯಿ ಇಟ್ಟು, ಹಣೆಗೆ ಕುಂಕುಮ ಹಚ್ಚಿ, ಬಗ್ಗಿ ನಮಸ್ಕರಿಸಿದಳು. ಮೈಕಿನವರು ಅಷ್ಟೂ ಹೊತ್ತು ಕುಣಿಯಿರಿ ಎಂದು ಕೂಗುತ್ತಲೇ ಇದ್ದರು. ನಾನು ಕಟಾಂಜನ ಹಿಡಿದು ನಿಂತು, ಇಂಥವಳ ಜತೆ ಇನ್ನಷ್ಟು ವರ್ಷ ಕೊಟ್ಟವರಿಗೆಲ್ಲ, ಡಾಕ್ಟರಿಗೆ, ಖಾಜಾಸಾಬನ ಚಾದರಿಗೆ, ಎರಡೂ ಹೊಳೆಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಬಹಳ ದಿನಗಳ ಮೇಲೆ ಯಾವ ಲೆಕ್ಕವೂ ಇಲ್ಲದೆ ಸುಖವಾಗಿತ್ತು.

ಆದರೆ ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇಳಿದು ಬಸ್ಸಿನ ಕಡೆ ನಡೆಯುವಾಗ, ಕೊಟ್ಟ ರೊಕ್ಕ ವಸೂಲಾಯಿತೇನು ಎಂದು ಹೆಂಡತಿಯನ್ನು ಕೇಳಿಯೇಬಿಟ್ಟೆ. ಅವಳು ಪ್ರಾಮಾಣಿಕವಾಗಿ ಸ್ವಲ್ಪ ದೂರ ಯೋಚಿಸುತ್ತ ನಡೆದಳು.

"ದೋಣಿದು ವಸೂಲಾತ್ರಿ," ಅಂದಳು. "ನಿಮ್ದು ಇನ್ನ ನೋಡಬೇಕು."

ಊರಿಗೆ ಬಂದಾಗಿನಿಂದ ನಾನು ಬೆಳಿಗ್ಗೆ ಎದ್ದು ಹಾಸಿಗೆ ಮಡಚುತ್ತೇನೆ, ಚಹಾಕ್ಕೂ ನಾನೇ ಇಡುತ್ತೇನೆ. ಶರಣಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನನ್ನನ್ನು ಹಿಂದೆ ಮುಂದೆ ಪರೀಕ್ಷಿಸುತ್ತಾಳೆ, ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ನನ್ನ ಅಂಗಡಿಯ ಗಿರಾಕಿಗಳ ಹಾಗೆ, ಇನ್ನೊಂದು ತೋರಿಸಿ ಎಂದು ಕೇಳದಿದ್ದರೆ ಸಾಕು.