ಗೋಡೆಯಿಂದ ಗರಗಸದವರೆಗೆ

ಹಳೆಯದನ್ನು ನೆನಪಿಡುವುದು ದೊಡ್ಡ ಸಂಗತಿಯೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಸಣ್ಣವನಿರುವಾಗಲೇ ಶಾಲೆ ಬಿಟ್ಟವನು. ಆದರೂ ಅಲ್ಲಿ ನಾನು ಕೂರುತ್ತಿದ್ದ ಬೆಂಚಿನ ಯಾವ ಕಾಲು ಅಲುಗುತ್ತಿತ್ತು ಎಂದು ಈಗಲೂ ಹೇಳಬಲ್ಲೆ. ಕಷ್ಟ ಇರುವುದು ಈಗಷ್ಟೇ ತಲೆಗೆ ಹಾಕಿಕೊಂಡದ್ದನ್ನು ನಾಲ್ಕು ಹೆಜ್ಜೆ ಸಾಗಿಸುವುದರಲ್ಲಿ. ಚಾವಡಿಯಿಂದ ಏನೋ ತರಲೆಂದು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಅಲ್ಲಿ ನಿಂತು ಸೌಟನ್ನು ನೋಡುತ್ತೇನೆ, ಸೌಟು ನನ್ನನ್ನು ನೋಡುತ್ತದೆ. ಬಂದ ವಿಷಯ ಇಬ್ಬರಿಗೂ ಗೊತ್ತಿರುವುದಿಲ್ಲ.

ಮೊದಲು ಇದು ತೊಂದರೆಯೇ ಆಗಿರಲಿಲ್ಲ. "ಹೆಣೆ, ನಾ ಎಂತಕ್ಕೆ ಬಂದದ್ದ್?" ಎಂದು ಅಲ್ಲಿಂದಲೇ ಕೂಗಿದರೆ, ಹೆಂಡತಿ ಸರೋಜ ಬಾವಿಕಟ್ಟೆಯಿಂದಲೇ, "ಬೆಂಕಿಪೆಟ್ಟಿಗೆಗೆ! ನೀವೇ ಗೊಣಗ್ತಾ ಹೋದದ್ದಲ್ದಾ?" ಎನ್ನುತ್ತಿದ್ದಳು. ಈಗ ಅವಳು ಮಗಳ ಬಾಣಂತನಕ್ಕೆಂದು ಬೊಂಬಾಯಿಗೆ ಹೋಗಿದ್ದಾಳೆ. ಬಾಣಂತನ ಮುಗಿದಿದೆ, ಬರುವ ವಾರ ವಾಪಸು ಬರಲು ಟಿಕೆಟೂ ಆಗಿದೆ. ಆದರೆ ಮಗಳಿಗೆ ಕೆಲಸಕ್ಕೆ ಹೋಗಬೇಕು, ಮಗು ನಡೆಯುವವರೆಗೆ ಅಮ್ಮ ಇಲ್ಲೇ ಇರಲಿ ಎನ್ನುತ್ತಿದ್ದಾಳಂತೆ. "ನೀವ್ ಬಾ ಅಂದ್ರೆ ಬತ್ತೆ, ಇಲ್ದಿರೆ ಇಲ್ಲೇ ಕೂಕಂತೆ. ಎಂತ ಹೇಳ್ತ್ರಿ?" ಎಂದು ಸರೋಜ ಕೇಳಿದಾಗ, ಕಾಂಬ, ಆಮೇಲೆ ಹೇಳ್ತೆ ಎಂದು ಫೋನ್ ಇಟ್ಟಿದ್ದೆ.

ನಾನು ಬಡಗಿ. ಕುಂದಾಪುರದಿಂದ ಬೈಂದೂರಿನವರೆಗೆ ಎಷ್ಟೋ ಮನೆಗಳ ಬಾಗಿಲು ನನ್ನ ಕೈಯದು. ಮಳೆಗಾಲದಲ್ಲೂ ಕಚ್ಚಿಕೊಳ್ಳದ ಬಾಗಿಲುಗಳು. ಗೋಡೆಯ ಹತ್ತಿರ ಟೇಪು ಹಿಡಿದು, ಅಳತೆಯನ್ನು ಬಾಯಲ್ಲೇ ಜಪಿಸುತ್ತ ಗರಗಸದವರೆಗೆ ನಡೆಯುವುದು ನನ್ನ ಕ್ರಮ. ಬರೆದುಕೊಳ್ಳುವುದು ಕಲಿಯುವವರ ಕೆಲಸ. ನನ್ನ ಕಿವಿಯ ಮೇಲಿನ ಪೆನ್ಸಿಲು ಹೆಚ್ಚಾಗಿ ಅಲಂಕಾರಕ್ಕೆ. ದಾರಿಯಲ್ಲಿ ಯಾರಾದರೂ "ಹ್ವಾಯ್, ಚಾ ಕುಡಿತ್ರ್ಯಾ?" ಅಂದರೆ ಮುಗಿಯಿತು, ಅಳತೆ ಹೋಗಿ ಚಹಾ ಮಾತ್ರ ಉಳಿಯುತ್ತದೆ. ಮನೆಯಲ್ಲೂ ಹಾಗೆಯೇ. ನಿನ್ನ ಬಾಯಿಂದಾಗಿಯೇ ನನ್ನ ತಲೆ ಖಾಲಿಯಾಗುವುದು ಎಂದು ಸರೋಜನಿಗೆ ಎಷ್ಟು ಸಲ ಬೈದಿದ್ದೇನೋ. ಈಗ ಮನೆಯಲ್ಲಿ ಮಾತೇ ಇಲ್ಲ. ಗೋಡೆ ಗಡಿಯಾರದ ಸದ್ದೊಂದೇ. ತಲೆ ತುಂಬಿ ತುಳುಕಬೇಕಿತ್ತು. ಆದರೆ ಮೊದಲಿಗಿಂತ ಬರಿದಾಗಿದೆ.

ಮೊನ್ನೆ ಬ್ರಹ್ಮಾವರದಲ್ಲಿ ಕಾಲೇಜಿನ ಟೀಚರೊಬ್ಬರ ಮನೆಯಲ್ಲಿ ಕಪಾಟು ಮಾಡುತ್ತಿದ್ದೆ. ಅಳತೆ ತೆಗೆದು ತಿರುಗುವಷ್ಟರಲ್ಲಿ ಮರೆತುಹೋಯಿತು. ಚಹಾ ಬೇಕೇ ಎಂದು ಕೇಳಿದವರೂ ಇಲ್ಲ. ಮತ್ತೆ ಅಳೆಯಲು ಮಾನ ಬಿಡಲಿಲ್ಲ, ಅಂದಾಜಿನಲ್ಲೇ ಕೊಯ್ದೆ. ಬಾಗಿಲು ಎರಡು ಬೆರಳಿನಷ್ಟು ಗಿಡ್ಡವಾಯಿತು.

"ಆಚಾರ್ರೆ, ಇದೆಂತ ಹೀಂಗಾಯ್ತ್?"

"ಮರ ಒಣ್ಗಿತ್ತ್, ಟೀಚರ್."

ಪ್ಲೈವುಡ್ಡೂ ಒಣಗುತ್ತದೆಯೇ ಎಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡ ಮನಸ್ಸು. ಅವರು ಪಾಠ ಮಾಡುವುದು ಮನಶ್ಶಾಸ್ತ್ರವಂತೆ. ಕೊನೆಗೆ ನಾನೇ, ಶಾಲೆಯ ಬೆಂಚು ನೆನಪಿದ್ದು ಈಗಿನ ಅಳತೆ ಮರೆಯುವುದು ಏನಾದರೂ ಕಾಯಿಲೆಯೋ ಎಂದು ಮೆಲ್ಲಗೆ ಕೇಳಿದೆ. ಅವರು ನಕ್ಕು ಹೇಳಿದ್ದಿಷ್ಟು: ತಲೆಯೊಳಗೆ ಗೋದಾಮು ಬೇರೆ, ಕೆಲಸದ ಮೇಜು ಬೇರೆ. ಹಳೆಯ ಬೆಂಚು ಗಿಂಚು ಎಲ್ಲ ಇರುವುದು ಗೋದಾಮಿನಲ್ಲಿ. ಆ ಹೊತ್ತಿಗೆ ಬೇಕಾದದ್ದನ್ನು ಇಟ್ಟುಕೊಂಡು ಕೆಲಸ ಮಾಡುವುದು ಮೇಜಿನ ಮೇಲೆ, ಅದು ತೀರಾ ಚಿಕ್ಕದು. ಬಾಯಲ್ಲಿ ಜಪಿಸುತ್ತಿದ್ದರೆ ಅಳತೆ ಅಲ್ಲಿ ನಿಲ್ಲುತ್ತದೆ, ಬೇರೆ ಮಾತು ಬಂದು ಬಿದ್ದರೆ ಇದು ಉರುಳುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲು ದಾಟಿದರೂ ಕೆಲವೊಮ್ಮೆ ಮರೆವು ಬರುವುದುಂಟಂತೆ. ಅದನ್ನು ಕೇಳಿ ನನಗೆ ಸ್ವಲ್ಪ ದಿಗಿಲಾಯಿತು. ಈ ತಾಲೂಕಿಗೆ ಇಷ್ಟೊಂದು ಬಾಗಿಲು ಮಾಡಿಕೊಟ್ಟವನು ನಾನೇ ಅಲ್ಲವೇ?

"ಎಂತಾದ್ರೂ ಚಿಂತೆ ಇತ್ತಾ ಆಚಾರ್ರೆ? ಚಿಂತೆ ಮೇಜಿನ್ ಮೇಲೆ ಕೂತ್ರೆ ಬೇರೇದಕ್ಕೆ ಜಾಗ ಇರುದಿಲ್ಲೆ."

"ನಂಗೆಂತ ಚಿಂತೆ!" ಎಂದೆ. ಸ್ವಲ್ಪ ಜೋರಾಗಿಯೇ ಎಂದೆ.

ಬಸ್ಸಿನಲ್ಲಿ ಬರುತ್ತ ಯೋಚಿಸಿದೆ. ಸಾಲಿಗ್ರಾಮ ದಾಟುವಾಗ ವಿಷಯ ತಿಳಿಯಿತು. ನನ್ನ ಮೇಜಿನ ಮೇಲೆ ಕೂತಿರುವುದು 'ನೀನು ಬಾ' ಎಂಬ ಒಂದು ಮಾತು. ಅದನ್ನು ಇಳಿಸಿಬಿಟ್ಟರೆ ಅಳತೆಗೂ ಜಾಗವಾದೀತು, ಮನೆಗೂ ಜೀವ ಬಂದೀತು. ಗೇಟಿನ ಹತ್ತಿರ ನಿಂತೇ ಫೋನ್ ಮಾಡಿದೆ. ಬಾಗಿಲು ದಾಟಿದರೆ ಮರೆತೀತು ಎಂಬ ಹೆದರಿಕೆ.

ಸರೋಜ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಮಗು ಕವುಚಿಕೊಂಡದ್ದು, ಅಳಿಯನ ಹೋಟೆಲಿನ ಭಟ್ಟರು ಊರಿಗೆ ಹೋದದ್ದು, ಅಲ್ಲಿಯ ನೀರಿಗೆ ಬೇಳೆ ಬೇಯದ್ದು. ನಾನು ಹೂಂಗುಟ್ಟುತ್ತ ನನ್ನ ಮಾತನ್ನು ಒಳಗೊಳಗೇ ಜಪಿಸುತ್ತಿದ್ದೆ. ಆಶ್ಚರ್ಯವೆಂದರೆ ಅಷ್ಟು ಮಾತಿನ ಮಳೆಗೂ ಅದು ಅಲುಗಲಿಲ್ಲ.

"ಅದಿರ್ಲಿ, ಉಂಡ್ರ್ಯಾ? ನೀವ್ ಒಬ್ರೇ ಕಷ್ಟ ಆತ್ತಾ?"

"ಎಂತ ಕಷ್ಟ? ನಾನೆಂತ ಸಣ್ಣ ಮಗುವಾ?"

"ಹಂಗಾರೆ ಟಿಕೇಟ್ ಬ್ಯಾಡ ಅಂದ್ ಮಗ್ಳಿಗೆ ಹೇಳ್ತೆ. ಮತ್ತೆ, ಫೋನ್ ಮಾಡಿದ್ದೆಂತಕ್ಕೆ?"

"ಎಂತದೋ ಹೇಳ್ಕಿತ್ತ್," ಎಂದೆ, "ಮರ್ತೋಯ್ತ್."

"ನಿಮ್ದ್ ಯಾವತ್ತೂ ಇದೇ," ಎಂದು ನಕ್ಕು ಫೋನ್ ಇಟ್ಟಳು.

ಮಾತು ಈಗಲೂ ಅಲ್ಲೇ, ಮೇಜಿನ ನಟ್ಟನಡುವೆ ಕಾಲು ಚಾಚಿ ಕೂತಿದೆ. ಮಗು ನಡೆಯುವವರೆಗೆ ಏಳುವ ಲಕ್ಷಣ ಕಾಣುವುದಿಲ್ಲ. ನಾಳೆ ಹೆಮ್ಮಾಡಿಯ ಒಂದು ಹೊಸ ಮನೆಗೆ ಮುಂಬಾಗಿಲು ಕೊಯ್ಯಬೇಕು. ಆ ಮನೆಯವರು ಬಹಳ ಒಳ್ಳೆಯ ಜನ. ಅವರನ್ನು ನೆನೆದರೆ ಪಾಪ ಅನ್ನಿಸುತ್ತದೆ.