ಅರ್ಧ ಮೀಸೆಯ ಬೀಗತನ

ಅಂಚೆ ಗುಮಾಸ್ತರು ಮಾಡಿದ ತಪ್ಪು ಇಷ್ಟೇ: ಹೆಂಡತಿಯ ಮಾತು ಕೇಳಿದ್ದು. "ಹನ್ನೊಂದಕ್ಕೆ ಹುಡುಗನ ಅಪ್ಪ ಬರ್ತಾರೆ. ಆ ಮೀಸೆ ತೆಗೆಸ್ಕೊಂಡು ಬನ್ನಿ, ಪೊಲೀಸಿನವರ ಥರ ಕಾಣ್ತೀರಿ" ಅಂದಿದ್ದಳು. ಹುಡುಗ, ಮಗಳು ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹುಡುಗನ ಅಪ್ಪ ನಿವೃತ್ತ ಹೆಡ್‌ಮಾಸ್ಟರು, ಮಹಾ ಶಿಸ್ತಿನವರಂತೆ. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಮಗಳ ಕಣ್ಣೀರು.

ಕೋಟೆ ಬಾಗಿಲ ಪಕ್ಕದ ಪೇಟೆ ಚೌಕದಲ್ಲಿ ಬಯಲಲ್ಲೇ ಕುರ್ಚಿ ಹಾಕಿಕೊಂಡಿದ್ದ ಆರು ಕ್ಷೌರಿಕರಲ್ಲೊಬ್ಬ ಬಲಗೆನ್ನೆ ಮುಗಿಸಿ, ಬಲಮೀಸೆಯನ್ನೂ ಬೋಳಿಸಿದ. ಆಮೇಲೆ ಎದುರಿನ ಲಾಡ್ಜಿನ ಕಡೆ ನೋಡಿ, "ಅಲ್ಲೊಂದು ಗಿರಾಕಿ ಕಾಯ್ತಿದೆ, ಇದೋ ಬಂದೆ" ಅಂತ ಪೆಟ್ಟಿಗೆ ಹಿಡಿದು ಹೊರಟೇಹೋದ.

ಅರ್ಧ ಗಂಟೆಯಾದರೂ ಆಸಾಮಿ ಪತ್ತೆಯಿಲ್ಲ. ಗುಮಾಸ್ತರು ಪಕ್ಕದ ಕುರ್ಚಿಯ ಕ್ಷೌರಿಕನನ್ನು ಅಂಗಲಾಚಿದರು.

"ಒಬ್ಬ ಕತ್ತಿ ಇಟ್ಟ ಮುಖಕ್ಕೆ ಇನ್ನೊಬ್ಬ ಕೈ ಹಾಕೋದಿಲ್ಲ ಸ್ವಾಮಿ. ಚೌಕದ ಕಟ್ಟಳೆ, ನಮ್ಮಜ್ಜನ ಕಾಲದ್ದು" ಅಂದ ಅವನು. ಉಳಿದ ನಾಲ್ವರದ್ದೂ ಅದೇ ರಾಗ.

ಅಷ್ಟರಲ್ಲಿ ಸುತ್ತ ಜನ ಸೇರಿತ್ತು. ಗಡಿಯಾರ ರಿಪೇರಿಯವನು ತನ್ನ ಚಿಮಟ ತಂದು, "ಒಂದೊಂದೇ ಕೀಳ್ಲಾ?" ಅಂದ. ಹೂವಿನಾಕೆ, "ಒಂದೇ ಮಗ್ಗುಲು ತೋರಿಸ್ಕೊಂಡು ಕೂತ್ಕೊಳ್ಳಿ ಅಣ್ಣ, ಯಾವ ಮಗ್ಗುಲು ಅಂತ ಮೊದಲೇ ಯೋಚ್ನೆ ಮಾಡಿ" ಅಂದಳು. ತಾವೇ ಬ್ಲೇಡು ಕೊಂಡು ಕೆರೆದುಕೊಳ್ಳೋಣವೆಂದರೆ ಜನ್ಮದಲ್ಲಿ ಬ್ಲೇಡು ಹಿಡಿದವರಲ್ಲ, ಮೂಗು ಉಳಿಯುವ ಭರವಸೆಯಿರಲಿಲ್ಲ. ಹನ್ನೊಂದು ಹೊಡೆಯಿತು. ಮುಖಕ್ಕೆ ಟವೆಲ್ ಸುತ್ತಿಕೊಂಡು ಮನೆಗೆ ಓಡಿದರು.

"ಬಂದು ಕೂತಿದ್ದಾರೆ. ಹಲ್ಲುನೋವಂತೆ, ಬಾಯಿಂದ ಕರ್ಚೀಫು ತೆಗೆದಿಲ್ಲ" ಅಂದಳು ಹೆಂಡತಿ ಬಾಗಿಲಲ್ಲೇ. "ನಿಮಗೇನಾಯ್ತು?"

"ನನಗೂ ಹಲ್ಲುನೋವು" ಅಂದು ಒಳಹೋಗಿ ಗುಮಾಸ್ತರು ಬಗ್ಗಿ ಕೈಮುಗಿದರು. ಟವೆಲ್ ಜಾರಿ ನೆಲಕ್ಕೆ ಬಿತ್ತು. ಮುಗಿಯಿತು ಮಗಳ ಬಾಳು ಅಂದುಕೊಂಡು ಕಣ್ಣು ಮುಚ್ಚಿದರು.

ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಹೆಡ್‌ಮಾಸ್ಟರು ಮೆಲ್ಲಗೆ ಕರ್ಚೀಫು ತೆಗೆಯುತ್ತಿದ್ದರು. ಅವರಿಗೂ ಬಲಮೀಸೆ ಇಲ್ಲ.

"ಚೌಕದ ಕ್ಷೌರಿಕನನ್ನ ಲಾಡ್ಜಿಗೆ ಕರೆಸಿದ್ದೆ" ಅಂದರು ಅವರು. "ನಿಮ್ಮ ಮನೆಯವರು ನನ್ನ ಮೀಸೆ ನೋಡಿ ಹೆದರಬಾರದು ಅಂತ. ಅರ್ಧಕ್ಕೆ ಬಿಟ್ಟು ಲಾಡ್ಜಿನ ಹಿಂದಿನ ಬೀದಿಯ ಜಗಳ ಬಿಡಿಸೋಕೆ ಓಡಿದ. ಸಾಕ್ಷಿ ಹೇಳು ಅಂತ ಪೊಲೀಸರು ಸ್ಟೇಷನ್ನಿಗೆ ಎಳಕೊಂಡು ಹೋದ್ರು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆ ಅಲ್ಲೇ ಗಟ್ಟಿಯಾಯಿತು.

"ಇನ್ನೊಂದು ವಿಷಯ" ಅಂದರು ಬೀಗರು ಗಂಟಲು ಸರಿಮಾಡಿಕೊಂಡು. "ಅವನನ್ನ ಕತ್ತಲಾಗೋ ಹೊತ್ತಿಗೆ ಬಿಡ್ತಾರಂತೆ, ಬೆಳಕಿರೋದ್ರೊಳಗೆ ಒಬ್ಬರದೇ ಆಗೋದು. ನಾನು ಗಂಡಿನ ಕಡೆಯವನು, ನೋಡಿ."

ಮಗಳ ಅಪ್ಪ ಏನು ಮಾಡಿಯಾನು? ಮರುದಿನ ಬೆಳಗ್ಗೆ ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ಎಡಮಗ್ಗುಲು ತೋರಿಸಿಕೊಂಡೇ ಸ್ಟ್ಯಾಂಪು ಮಾರಿದರು.